ಇಲ್ಲದ ದಿನಕ್ಕೊಂದು ಮುದ್ರೆ

1900ನೆಯ ಇಸವಿಯ ಫೆಬ್ರವರಿ ತಿಂಗಳಿಗೆ ಎಷ್ಟು ದಿನಗಳು? ಏಳನೆಯ ತರಗತಿಯಲ್ಲಿ ನಾನು ಈ ಪ್ರಶ್ನೆಯನ್ನು ವರ್ಷವರ್ಷವೂ ಕೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂಬ ಒಂದೇ ಧೈರ್ಯದಿಂದ "ಇಪ್ಪತ್ತೊಂಬತ್ತು ಸಾರ್" ಎಂದು ಕೂಗುವವರು ಮುಂದಿನ ಬೆಂಚಿನಲ್ಲಿಯೇ ಇರುತ್ತಿದ್ದರು. ಶತಮಾನದ ವರ್ಷವಾದರೆ ನಾಲ್ಕರಿಂದ ಭಾಗವಾದರೆ ಸಾಲದು, ನಾನೂರರಿಂದ ಭಾಗವಾಗಬೇಕು. ಆದ್ದರಿಂದ 2000 ಅಧಿಕ ವರ್ಷ, 1900 ಅಲ್ಲ. ಉತ್ತರ ಇಪ್ಪತ್ತೆಂಟು. ಇದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯೇ ಇಲ್ಲ.

ಆದರೆ ಲೋಕದ ಕೋಟ್ಯಂತರ ಗಣಕಯಂತ್ರಗಳಲ್ಲಿರುವ ಎಕ್ಸೆಲ್ ತಂತ್ರಾಂಶವನ್ನು ಕೇಳಿ ನೋಡಿ. ಅದು ಇಂದಿಗೂ 1900ರ ಫೆಬ್ರವರಿ 29 ಎಂಬ ದಿನವನ್ನು ಯಾವ ಸಂಕೋಚವೂ ಇಲ್ಲದೆ ತೋರಿಸುತ್ತದೆ! ಇದರ ಹಿಂದೆ ಒಂದು ಕಥೆಯುಂಟು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶವು 1900ನ್ನು ಅಧಿಕ ವರ್ಷವೆಂದೇ ಎಣಿಸುತ್ತಿತ್ತು. ಅನಂತರ ಮೈಕ್ರೋಸಾಫ್ಟ್ ಸಂಸ್ಥೆಯು, ಲೋಟಸ್‌ನ ಲೆಕ್ಕದ ಹಾಳೆಗಳು ತನ್ನ ಎಕ್ಸೆಲ್‌ನಲ್ಲಿಯೂ ವ್ಯತ್ಯಾಸವಿಲ್ಲದೆ ತೆರೆದುಕೊಳ್ಳಲಿ ಎಂದು ಆ ತಪ್ಪನ್ನು ಗೊತ್ತಿದ್ದೇ ಉಳಿಸಿಕೊಂಡಿತು. ಪರಿಣಾಮವಾಗಿ, ಸೋಮವಾರವಾಗಿದ್ದ 1900ರ ಜನವರಿ 1 ಎಕ್ಸೆಲ್‌ನ ಲೆಕ್ಕದಲ್ಲಿ ಭಾನುವಾರವಾಗುತ್ತದೆ. (ನಮ್ಮೂರಿನ ಜೋಯಿಸರು ಪಂಚಾಂಗದಲ್ಲಿ ಹೀಗೆ ಮಾಡಿದ್ದರೆ ಊರಿನವರು ಸುಮ್ಮನಿರುತ್ತಿದ್ದರೇ?) ಮಾರುಕಟ್ಟೆಗೆ ಬಂದ ಒಂದು ಸರಕಿನಲ್ಲಿ ಇಂಥ ಹೊಂದಾಣಿಕೆಯನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ಅದೇ ತಪ್ಪನ್ನು ನಿಯಮವೆಂದು ಬರೆದು, ಸುಮಾರು ಆರು ಸಾವಿರ ಪುಟಗಳ ಕರಡಿನಲ್ಲಿ ಸೇರಿಸಿ, ಜಗತ್ತಿನ ರಾಷ್ಟ್ರಗಳೆಲ್ಲ ಕೂಡಿ ಇದಕ್ಕೆ ಅಂತಾರಾಷ್ಟ್ರೀಯ ಮಾನಕದ ಮುದ್ರೆ ಒತ್ತಬೇಕು ಎಂದು ಕೇಳಿದಾಗ ಅದನ್ನು ಪ್ರಶ್ನಿಸಲೇಬೇಕಾಗುತ್ತದೆ. 2007 ಮತ್ತು 2008ರಲ್ಲಿ ನಡೆದದ್ದು ಇದೇ. ಆ ವಿವಾದದ ಗದ್ದಲ ಅಡಗಿ ಬಹಳ ಕಾಲವಾಯಿತು; ಅದರ ಫಲವನ್ನು ಮಾತ್ರ ನಾವು ನಿತ್ಯವೂ ಉಣ್ಣುತ್ತಿದ್ದೇವೆ. ಈ ಕುರಿತು ನನ್ನ ಅಭಿಪ್ರಾಯವನ್ನು ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಮೊದಲು, ಮಾನಕವೆಂದರೇನು? ನಮ್ಮ ಬಾಲ್ಯದಲ್ಲಿ ಒಂದೂರಿನ ಕೊಳಗಕ್ಕೂ ಇನ್ನೊಂದೂರಿನ ಕೊಳಗಕ್ಕೂ ತಾಳೆಯಾಗುತ್ತಿರಲಿಲ್ಲ. ರಾಗಿ ಕೊಡುವಾಗ ಒಂದು ಕೊಳಗ, ಹಿಂದಕ್ಕೆ ಪಡೆಯುವಾಗ ಮತ್ತೊಂದು ಕೊಳಗ ಇಟ್ಟುಕೊಂಡಿದ್ದ ಸಾಹುಕಾರರ ಕಥೆಗಳನ್ನು ಹಿರಿಯರಿಂದ ಕೇಳಿದ್ದೇವೆ. 1957ರಲ್ಲಿ ನಯೇ ಪೈಸೆ ಬಂತು, ಮರುವರ್ಷದಿಂದ ಕಿಲೋಗ್ರಾಂ ಬರತೊಡಗಿತು, ಆ ಜಗಳ ಮೆಲ್ಲನೆ ತೀರಿತು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಅಳೆಯುವ ಪಾತ್ರೆ ಯಾರ ಮನೆಯದು ಎಂಬ ಪ್ರಶ್ನೆಯನ್ನು ಗಾದೆ ಕೇಳುವುದಿಲ್ಲ. ಮಾನಕ ಕೇಳುವುದು ಆ ಪ್ರಶ್ನೆಯನ್ನೇ. ಅಳತೆಯ ಪಾತ್ರೆಯು ಕೊಡುವವನದೂ ಆಗಿರಬಾರದು, ಕೊಳ್ಳುವವನದೂ ಆಗಿರಬಾರದು. ಅದರ ವಿವರಣೆಯನ್ನು ಓದಿ ಯಾವ ಊರಿನ ಕಂಚುಗಾರನಾದರೂ ಅಂಥದ್ದೇ ಇನ್ನೊಂದನ್ನು ಮಾಡುವಂತಿರಬೇಕು.

ಕಡತಗಳ ವಿಷಯದಲ್ಲಿಯೂ ಹೀಗೆಯೇ. ನೀವು ಗಣಕದಲ್ಲಿ ಒಂದು ಪತ್ರವನ್ನು ಬರೆದು ಉಳಿಸಿದಾಗ, ಅಕ್ಷರಗಳ ಜೊತೆಗೆ ಯಾವುದು ಶೀರ್ಷಿಕೆ, ಯಾವುದು ದಪ್ಪಕ್ಷರ, ಕೋಷ್ಟಕದ ಗೆರೆ ಎಲ್ಲಿ, ಅಡಿಟಿಪ್ಪಣಿ ಎಲ್ಲಿ ಎಂಬ ಸೂಚನೆಗಳೂ ಒಂದು ಕ್ರಮದಲ್ಲಿ ಒಳಗೆ ಸೇರುತ್ತವೆ. ಆ ಕ್ರಮವೇ ಕಡತದ ಸ್ವರೂಪ. ಆ ಕ್ರಮ ಒಂದೇ ಕಂಪೆನಿಗೆ ಗೊತ್ತಿದ್ದರೆ, ನಿಮ್ಮ ಪತ್ರವನ್ನು ನೀವೇ ಓದಲು ಆ ಕಂಪೆನಿಯ ಬಾಗಿಲಿಗೆ ಹೋಗಬೇಕು. ವರ್ಡ್ ತಂತ್ರಾಂಶದ ಹಳೆಯ ಡಾಕ್ ಕಡತಗಳು ಬಹುಕಾಲ ಇದೇ ಸ್ಥಿತಿಯಲ್ಲಿದ್ದವು. ಸರ್ಕಾರದ ಆದೇಶ, ನ್ಯಾಯಾಲಯದ ತೀರ್ಪು, ಜಮೀನಿನ ದಾಖಲೆ ಇವೆಲ್ಲ ಹೀಗೆ ಒಬ್ಬರ ಬೀಗದ ಕೈಗೆ ಸಿಕ್ಕಿಕೊಂಡರೆ ಆಗುವ ಅಪಾಯವನ್ನು ನಾನು ವಿವರಿಸಬೇಕಾಗಿಲ್ಲ.

ಈ ಬೀಗವನ್ನು ತೆಗೆಯುವ ಪ್ರಯತ್ನ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್, ಚಿಕ್ಕದಾಗಿ ಓಡಿಎಫ್. ಜರ್ಮನಿಯ ಸ್ಟಾರ್‌ಡಿವಿಷನ್ ಎಂಬ ಕಂಪೆನಿಯ ತಂತ್ರಾಂಶವನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು, ಮರುವರ್ಷ ಅದರ ಆಕರವನ್ನು ಎಲ್ಲರಿಗೂ ತೆರೆದಿಟ್ಟಿತು. ಓಪನ್ ಆಫೀಸ್ ಹುಟ್ಟಿದ್ದು ಹಾಗೆ. ಅದರ ಕಡತ ಸ್ವರೂಪವನ್ನು ಆಧಾರವಾಗಿಟ್ಟುಕೊಂಡು ಒಯಾಸಿಸ್ ಎಂಬ ಸಂಸ್ಥೆಯ ಸಮಿತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಓಡಿಎಫ್ ರೂಪಿಸಿತು. 2005ರ ಮೇ ತಿಂಗಳಲ್ಲಿ ಒಯಾಸಿಸ್‌ನ ಒಪ್ಪಿಗೆ, 2006ರ ಮೇ ತಿಂಗಳಲ್ಲಿ ಐಎಸ್‌ಒ ಒಪ್ಪಿಗೆ. ಐಎಸ್‌ಒ/ಐಇಸಿ 26300 ಎಂಬ ಸಂಖ್ಯೆಯೂ ದೊರೆಯಿತು. ಆಗ ಯಾರೂ ಹೆಚ್ಚು ಗದ್ದಲ ಮಾಡಲಿಲ್ಲ.

ಗದ್ದಲ ಏಳಲು ಕಾರಣ, ಅಷ್ಟರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನ 2005ರ ಸೆಪ್ಟೆಂಬರ್‌ನಲ್ಲಿ ತನ್ನ ಕಚೇರಿಗಳ ದಾಖಲೆಗಳಿಗೆ ಓಡಿಎಫ್ ಬಳಸಬೇಕೆಂದು ನಿಶ್ಚಯಿಸಿದ್ದು. ಸರ್ಕಾರಗಳು ಒಂದರ ಹಿಂದೊಂದು ಹೀಗೆ ಮಾಡಿದರೆ ಗತಿಯೇನು? ಮೈಕ್ರೋಸಾಫ್ಟ್ ತಡಮಾಡಲಿಲ್ಲ. ಆ ವರ್ಷದ ಕೊನೆಯಲ್ಲಿಯೇ ತನ್ನ ಹೊಸ ಆಫೀಸ್‌ನ ಕಡತ ಸ್ವರೂಪವನ್ನು ಆಫೀಸ್ ಓಪನ್ ಎಕ್ಸ್‌ಎಂಎಲ್ ಎಂಬ ಹೆಸರಿನಲ್ಲಿ ಎಕ್ಮಾ ಎಂಬ ಸಂಸ್ಥೆಯ ಮುಂದಿಟ್ಟಿತು. ಹೆಸರುಗಳ ಹೋಲಿಕೆಯನ್ನು ಗಮನಿಸಿ: ಓಪನ್ ಆಫೀಸ್ ಎಂಬುದು ಎದುರಾಳಿಯ ತಂತ್ರಾಂಶ, ಆಫೀಸ್ ಓಪನ್ ಎಂಬುದು ಇವರ ಸ್ವರೂಪ! ಎಕ್ಮಾ 2006ರ ಡಿಸೆಂಬರ್‌ನಲ್ಲಿ ಅದನ್ನು ಅಂಗೀಕರಿಸಿ, ಐಎಸ್‌ಒ ಮತ್ತು ಐಇಸಿಗಳ ಜಂಟಿ ಸಮಿತಿಗೆ ಶೀಘ್ರಮಾರ್ಗದಲ್ಲಿ ಕಳುಹಿಸಿತು. ಶೀಘ್ರಮಾರ್ಗವೆಂದರೆ, ಬೇರೊಂದು ಸಂಸ್ಥೆ ಈಗಾಗಲೇ ಪರಿಶೀಲಿಸಿ ಒಪ್ಪಿದ ಮಾನಕವಾದ್ದರಿಂದ ರಾಷ್ಟ್ರಗಳು ಐದು ತಿಂಗಳು ಓದಿ ಹೌದು ಅಥವಾ ಇಲ್ಲ ಎಂದರೆ ಸಾಕು ಎನ್ನುವ ವ್ಯವಸ್ಥೆ.

ಐದು ತಿಂಗಳು, ಆರು ಸಾವಿರ ಪುಟ. ದಿನಕ್ಕೆ ನಲವತ್ತು ಪುಟ, ರಜೆಯಿಲ್ಲದೆ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದ ಯಾವ ಉಪಾಧ್ಯಾಯರನ್ನಾದರೂ ಕೇಳಿ. ದಿನಕ್ಕೆ ಇಷ್ಟೇ ಪತ್ರಿಕೆ ಎಂಬ ಮಿತಿಯನ್ನು ಏಕೆ ಇಡುತ್ತಾರೆಂದು ಅವರು ಹೇಳುತ್ತಾರೆ. ಅದೂ ಅಲ್ಲಿ ಮಾದರಿ ಉತ್ತರಗಳು ಕೈಯಲ್ಲಿರುತ್ತವೆ. ಇಲ್ಲಿ ಓದಬೇಕಾದದ್ದು ಪ್ರತಿ ವಾಕ್ಯವೂ ಆಜ್ಞೆಯಾಗಿರುವ ಗ್ರಂಥ. ಇದೊಂದೇ ಕಾರಣಕ್ಕೆ ಈ ಕರಡನ್ನು ಶೀಘ್ರಮಾರ್ಗದಲ್ಲಿ ತರಬಾರದಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದ ವಾದಗಳೆಲ್ಲ ಆಮೇಲೆ.

ಗ್ರಂಥದ ಒಳಗೇನಿತ್ತು? ಅಧಿಕ ವರ್ಷದ ಮಾತನ್ನು ಆಗಲೇ ಹೇಳಿದೆ. ಅದಕ್ಕಿಂತ ನನಗೆ ಹೆಚ್ಚು ಚೋದ್ಯವೆನಿಸಿದ್ದು ಹೊಂದಾಣಿಕೆಗಾಗಿ ಸೇರಿಸಿದ್ದ ಕೆಲವು ಸೂಚನೆಗಳು. ವರ್ಡ್ 95 ಮಾಡುತ್ತಿದ್ದಂತೆ ಅಂತರ ಬಿಡು. ವರ್ಡ್ 6 ಮಾಡುತ್ತಿದ್ದಂತೆ ಸಾಲು ಮುರಿ. ವರ್ಡ್ 97ರ ನಿಯಮದಂತೆ ಸಾಲು ಒಡೆ. ಸರಿ, ಆ ವರ್ಡ್ 95 ಹೇಗೆ ಅಂತರ ಬಿಡುತ್ತಿತ್ತು? ಆ ವಿವರಣೆಯೇ ಕರಡಿನಲ್ಲಿ ಇರಲಿಲ್ಲ. "ಅಜ್ಜಿ ಮಾಡುತ್ತಿದ್ದಂತೆ ಸಾರು ಮಾಡು" ಎಂದು ಬರೆದು, ಅಜ್ಜಿಯ ಸಾರಿನ ಪಾಕವನ್ನು ಬರೆಯದ ಅಡುಗೆ ಪುಸ್ತಕದಂತೆ ಇದು. ಆ ಮನೆಯಲ್ಲಿ ಬೆಳೆದವರಿಗೆ ಮಾತ್ರ ಉಪಯೋಗ. ಇನ್ನೊಬ್ಬರು ಓದಿ ಅದೇ ವಸ್ತುವನ್ನು ಕಟ್ಟಲಾಗದಿದ್ದರೆ ಅದು ಮಾನಕವೇ ಅಲ್ಲ, ಒಂದು ಕಂಪೆನಿಯ ಆತ್ಮಕಥೆ. ಇಲ್ಲಿ ನಮಗೆ ಸಂಬಂಧಿಸಿದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ನೇರವಾದ ಆಸರೆ ದೊರೆತದ್ದು 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರವಿನ್ಯಾಸದೊಡನೆ. ಅಂದರೆ ಆ ಕರಡಿನಲ್ಲಿ ಚಿರಂಜೀವಿಯಾಗಿಸಲು ಹೊರಟಿದ್ದ ವರ್ಡ್ 95ರ ನಡವಳಿಕೆಗಳು ಕನ್ನಡವೆಂಬ ಭಾಷೆಯನ್ನೇ ಅರಿಯದ ಕಾಲದವು.

ನ್ಯಾಯವಾಗಿ ಎದುರು ಪಕ್ಷದ ಮಾತನ್ನೂ ಹೇಳಬೇಕು. ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಹಳೆಯ ವರ್ಡ್, ಎಕ್ಸೆಲ್ ಕಡತಗಳಿವೆ. ಅವನ್ನು ರೂಪಗೆಡದಂತೆ ಹೊಸ ಸ್ವರೂಪಕ್ಕೆ ತರಬೇಕಾದರೆ ಹಳೆಯ ಸೊಟ್ಟುಗಳನ್ನೂ ಹೊತ್ತು ತರಲೇಬೇಕು ಎಂಬುದು ಮೈಕ್ರೋಸಾಫ್ಟ್‌ನ ವಾದ. ಇದು ಸುಳ್ಳಲ್ಲ. ಓಡಿಎಫ್‌ನಲ್ಲಿಯೂ ಕೊರತೆಗಳಿದ್ದವು: ಅದರ ಮೊದಲ ಆವೃತ್ತಿಯಲ್ಲಿ ಲೆಕ್ಕದ ಹಾಳೆಯ ಸೂತ್ರಗಳನ್ನು ಹೇಗೆ ಬರೆಯಬೇಕೆಂಬುದನ್ನೇ ಸರಿಯಾಗಿ ನಿರೂಪಿಸಿರಲಿಲ್ಲ. 2011ರಲ್ಲಿ ಒಯಾಸಿಸ್ ಒಪ್ಪಿದ 1.2 ಆವೃತ್ತಿಯವರೆಗೆ ಆ ಕೊರತೆ ಉಳಿದಿತ್ತು. ಸೂತ್ರವಿಲ್ಲದ ಲೆಕ್ಕದ ಹಾಳೆಯೆಂದರೆ ಮಗ್ಗಿಯಿಲ್ಲದ ಗಣಿತ! ಇನ್ನು, ಓಡಿಎಫ್ ಪಕ್ಷದಲ್ಲಿದ್ದವರೇನು ಸಂನ್ಯಾಸಿಗಳಲ್ಲ. ಐಬಿಎಂ, ಸನ್, ಗೂಗಲ್ ಎಲ್ಲರೂ ವ್ಯಾಪಾರಿಗಳೇ. ಎದುರಾಳಿಯ ಅಂಗಡಿಗೆ ಗಿರಾಕಿ ಕಡಿಮೆಯಾಗಲೆಂಬ ಆಸೆ ಅವರಿಗೂ ಇತ್ತು. ಆದರೆ ಇಬ್ಬರು ಅಂಗಡಿಯವರು ಜಗಳವಾಡುವಾಗ ನಾವು ನೋಡಬೇಕಾದದ್ದು ತಕ್ಕಡಿಯನ್ನು, ಅಂಗಡಿಯವರ ಮುಖವನ್ನಲ್ಲ. ಹಳೆಯ ಕಡತಗಳನ್ನು ರಕ್ಷಿಸುವ ಕೆಲಸಕ್ಕೆ ಅಂತಾರಾಷ್ಟ್ರೀಯ ಮಾನಕವೇ ಬೇಕಾಗಿರಲಿಲ್ಲ. ಅವುಗಳ ರಚನೆಯನ್ನು ಬಹಿರಂಗಪಡಿಸಿದ್ದರೆ ಸಾಕಾಗಿತ್ತು. 2008ರ ಫೆಬ್ರವರಿಯಲ್ಲಿ, ಈ ಹೋರಾಟದ ನಡುವೆಯೇ, ಮೈಕ್ರೋಸಾಫ್ಟ್ ಹಳೆಯ ಡಾಕ್ ಮೊದಲಾದ ಕಡತಗಳ ವಿವರಣೆಯನ್ನು ಪ್ರಕಟಿಸಿತು ಕೂಡ. ಗದ್ದಲ ಮಾಡಿದವರಿಗೆ ಈ ಪುಣ್ಯದಲ್ಲಿ ಪಾಲು ಸಲ್ಲಬೇಕು.

ಮತದಾನದ ಕಥೆ ಇನ್ನೂ ವಿಚಿತ್ರ. ಜಂಟಿ ಸಮಿತಿಯಲ್ಲಿ ಪೂರ್ಣವಾಗಿ ಭಾಗವಹಿಸುವ ಸದಸ್ಯ ರಾಷ್ಟ್ರಗಳು ಒಂದು ಬಗೆ, ವೀಕ್ಷಕ ರಾಷ್ಟ್ರಗಳು ಇನ್ನೊಂದು ಬಗೆ. ಮಾನಕ ಗೆಲ್ಲಬೇಕಾದರೆ, ತಟಸ್ಥರನ್ನು ಬಿಟ್ಟು, ಪೂರ್ಣ ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಒಟ್ಟು ಮತಗಳಲ್ಲಿ ವಿರೋಧ ಕಾಲುಭಾಗವನ್ನು ಮೀರಬಾರದು. 2007ರ ಸೆಪ್ಟೆಂಬರ್ 2ರ ಗಡುವು ಹತ್ತಿರವಾದಂತೆ ಹತ್ತಕ್ಕೂ ಹೆಚ್ಚು ರಾಷ್ಟ್ರಗಳು ಇದ್ದಕ್ಕಿದ್ದಂತೆ ಪೂರ್ಣ ಸದಸ್ಯತ್ವಕ್ಕೆ ಏರಿದವು: ಸೈಪ್ರಸ್, ಮಾಲ್ಟಾ, ಜಮೈಕಾ, ಲೆಬನಾನ್, ಐವರಿ ಕೋಸ್ಟ್ ಇತ್ಯಾದಿ. ಕಚೇರಿ ದಾಖಲೆಗಳ ಕಡತ ಸ್ವರೂಪದಲ್ಲಿ ಇಷ್ಟು ದೇಶಗಳಿಗೆ ಒಂದೇ ಋತುವಿನಲ್ಲಿ ಆಸಕ್ತಿ ಮೊಳೆತದ್ದು ಹೇಗೆ? ಸಹಕಾರ ಸಂಘದ ಚುನಾವಣೆಯ ಹಿಂದಿನ ವಾರ ಷೇರುದಾರರ ಪಟ್ಟಿ ಉದ್ದವಾಗುವುದನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ.

ಸ್ವೀಡನ್ನಿನಲ್ಲಿ ನಡೆದದ್ದು ಪತ್ರಿಕೆಗಳಲ್ಲಿಯೂ ಬಂತು. ಅಲ್ಲಿನ ಮಾನಕ ಸಂಸ್ಥೆಯ ಸಭೆಗೆ ಕೊನೆಯ ಗಳಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪೆನಿಗಳು ಶುಲ್ಕ ಕಟ್ಟಿ ಸದಸ್ಯರಾಗಿ ಬಂದವು. ಬಹುಪಾಲು ಮೈಕ್ರೋಸಾಫ್ಟ್‌ನ ವ್ಯಾಪಾರದ ಪಾಲುದಾರರು. ಬಂದು ಮತ ಹಾಕಿದರೆ ಮಾರಾಟಕ್ಕೆ ನೆರವು ಸಿಗುವುದೆಂಬ ಅರ್ಥದ ಮಿಂಚಂಚೆಯನ್ನು ಒಬ್ಬ ಉದ್ಯೋಗಿ ಕಳುಹಿಸಿದ್ದನೆಂಬುದು ಹೊರಬಿತ್ತು. ಅದು ತಪ್ಪೆಂದು ಕಂಪೆನಿಯೂ ಒಪ್ಪಿತು. ಕೊನೆಗೆ ಆ ಮತ ರದ್ದಾದದ್ದು ಮಾತ್ರ ಬೇರೆ ಕಾರಣಕ್ಕೆ, ಒಂದು ಕಂಪೆನಿ ಒಂದಕ್ಕಿಂತ ಹೆಚ್ಚು ಮತ ಹಾಕಿತ್ತೆಂದು. ಸ್ವೀಡನ್ ತಟಸ್ಥವಾಯಿತು.

ಅಷ್ಟೆಲ್ಲ ನಡೆದರೂ ಮೊದಲ ಸುತ್ತಿನಲ್ಲಿ ಕರಡು ಸೋತಿತು. ಪೂರ್ಣ ಸದಸ್ಯರಲ್ಲಿ 32ಕ್ಕೆ 17 ಮಾತ್ರ ಒಪ್ಪಿದರು, ಎಂದರೆ ಶೇಕಡಾ 53. ಒಟ್ಟು 69 ಮತಗಳಲ್ಲಿ ವಿರೋಧ 18, ಶೇಕಡಾ 26. ಭಾರತ ವಿರೋಧಿಸಿತ್ತು. ಮೂರೂವರೆ ಸಾವಿರ ಆಕ್ಷೇಪಗಳು ಬಂದವು. ಪುನರಾವರ್ತನೆಗಳನ್ನು ತೆಗೆದು ಒಂದು ಸಾವಿರದಷ್ಟಕ್ಕೆ ಎಕ್ಮಾ ಉತ್ತರ ಬರೆಯಿತು. ಆ ಉತ್ತರಗಳನ್ನು ಚರ್ಚಿಸಲು 2008ರ ಫೆಬ್ರವರಿ 25ರಿಂದ 29ರವರೆಗೆ ಜಿನೀವಾದಲ್ಲಿ ಸಭೆ ಸೇರಿತು. ಐದು ದಿನ, ಒಂದು ಸಾವಿರ ಉತ್ತರ! ಸ್ವಲ್ಪ ಭಾಗವನ್ನು ಚರ್ಚಿಸುವಷ್ಟರಲ್ಲಿ ಕಾಲ ಮುಗಿಯಿತು. ಉಳಿದ ಬಹುಪಾಲನ್ನು ಚರ್ಚೆಯಿಲ್ಲದೆ ಮತಪತ್ರದ ಮೂಲಕ ತೀರ್ಮಾನಿಸಿದರು. (ಆ ವರ್ಷ ಅಧಿಕ ವರ್ಷ. ಸಭೆ ಮುಗಿದದ್ದು ಫೆಬ್ರವರಿ 29ರಂದು. ಇದಕ್ಕೆ ನಾನು ವ್ಯಾಖ್ಯಾನ ಬರೆಯುವುದಿಲ್ಲ.)

ಅನಂತರ ತಮ್ಮ ಮತವನ್ನು ಬದಲಿಸಲು ರಾಷ್ಟ್ರಗಳಿಗೆ ಮೂವತ್ತು ದಿನಗಳ ಅವಕಾಶ. ನಾರ್ವೆಯಲ್ಲಿ ತಜ್ಞರ ಸಮಿತಿಯ ಶೇಕಡಾ 80ರಷ್ಟು ಮಂದಿ ಬೇಡವೆಂದರೂ ಸಂಸ್ಥೆಯ ಆಡಳಿತ ಬೇಕು ಎಂದು ಮತ ಕಳುಹಿಸಿತು. ಸಮಿತಿಯ ಅಧ್ಯಕ್ಷರಾಗಿದ್ದ ಸ್ಟೀವ್ ಪೆಪ್ಪರ್ ಬಹಿರಂಗವಾಗಿ ಪ್ರತಿಭಟಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಮಿತಿಯ 23 ಸದಸ್ಯರಲ್ಲಿ 13 ಜನ ರಾಜೀನಾಮೆ ಕೊಟ್ಟು ಹೊರನಡೆದರು. ಮಾರ್ಚ್ 29ಕ್ಕೆ ಗಡುವು ಮುಗಿದಾಗ ಪೂರ್ಣ ಸದಸ್ಯರಲ್ಲಿ 32ಕ್ಕೆ 24 ಒಪ್ಪಿದ್ದರು. ಒಟ್ಟು 71ರಲ್ಲಿ ವಿರೋಧ 10ಕ್ಕೆ ಇಳಿದಿತ್ತು. ಕರಡು ಗೆದ್ದಿತು. ಕೊನೆಯವರೆಗೆ ಬೇಡವೆಂದ ಹತ್ತರಲ್ಲಿ ಬ್ರೆಜಿಲ್, ಕೆನಡಾ, ಚೀನಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳ ಜೊತೆಗೆ ನಮ್ಮ ದೇಶವೂ ಒಂದು.

ನಮ್ಮ ದೇಶದ ಆ ತೀರ್ಮಾನ ಹೇಗಾಯಿತೆಂಬುದನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕುಕ್ಕರಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಮೇಲೆ ಐಎಸ್‌ಐ ಮುದ್ರೆ ಕಾಣುತ್ತೀರಲ್ಲ, ಆ ಮುದ್ರೆ ಕೊಡುವ ಭಾರತೀಯ ಮಾನಕ ಬ್ಯೂರೋ ಎಂಬ ಸಂಸ್ಥೆಯೇ ಐಎಸ್‌ಒದಲ್ಲಿ ನಮ್ಮ ಪ್ರತಿನಿಧಿ. ಅದರ ತಜ್ಞರ ಸಮಿತಿ 2008ರ ಮಾರ್ಚ್ 20ರಂದು ಮತ ಹಾಕಿತು. ಬೇಡವೆಂದವರು 13, ಬೇಕೆಂದವರು 5, ತಟಸ್ಥ 1. ಬೇಕೆಂದ ಐವರು ಯಾರು? ಮೈಕ್ರೋಸಾಫ್ಟ್, ನಾಸ್ಕಾಂ, ಟಿಸಿಎಸ್, ಇನ್ಫೋಸಿಸ್, ವಿಪ್ರೋ. ಸರ್ಕಾರದ ಗಣಕ ಸಂಸ್ಥೆಗಳೂ ಉನ್ನತ ವಿದ್ಯಾಸಂಸ್ಥೆಗಳೂ ಬೇಡವೆಂದ ಪಕ್ಷದಲ್ಲಿದ್ದವು.

ಇದನ್ನು ಓದುವ ನನ್ನ ಶಿಷ್ಯರಲ್ಲಿ ಅನೇಕರು ಆ ಮೂರು ಭಾರತೀಯ ಕಂಪೆನಿಗಳಲ್ಲಿ ಅನ್ನ ಸಂಪಾದಿಸಿದವರು, ಮನೆ ಕಟ್ಟಿದವರು. ಆ ಕಂಪೆನಿಗಳು ನಮ್ಮ ಹಳ್ಳಿಗಳ ಮಕ್ಕಳಿಗೆ ಕೊಟ್ಟ ಬದುಕನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೂ ಆ ದಿನ ಅವರು ಹಾಕಿದ ಮತ ದೇಶದ ಹಿತದ ಮತವಾಗಿರಲಿಲ್ಲವೆಂದು ನಾನು ಹೇಳಲೇಬೇಕು. ಗಿರಾಕಿಯ ಮಾತಿಗೆ ಹೂಂಗುಟ್ಟುವುದು ವ್ಯಾಪಾರದ ನೀತಿ ಇರಬಹುದು. ಮಾನಕದ ಸಮಿತಿಯಲ್ಲಿ ಕೂರುವವನು ಆ ಹೊತ್ತಿಗೆ ಗಿರಾಕಿಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು. ಬೆಂಗಳೂರಿನ ಎರಡು ದೊಡ್ಡ ಕಂಪೆನಿಗಳು ಒಂದು ಕಡೆ, ಸಮಿತಿಯ ಬಹುಪಾಲು ಇನ್ನೊಂದು ಕಡೆ ಎಂಬ ಆ ಚಿತ್ರ ನನಗೆ ಈಗಲೂ ಇರಿಸುಮುರಿಸು ತರುತ್ತದೆ. ಹಾಗೆಯೇ, ಅಷ್ಟು ಒತ್ತಡದ ನಡುವೆ ಬೇಡವೆಂದ ಹದಿಮೂರು ಮತಗಳನ್ನು ನೆನೆದರೆ ಎದೆಯುಬ್ಬುತ್ತದೆ. ನಮ್ಮ ಸರ್ಕಾರಿ ಕಚೇರಿಗಳನ್ನು ಸದಾ ಬೈಯುವ ನಾವು ಇಂಥ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಡವೇ?

ಅಲ್ಲಿಗೂ ಸುಮ್ಮನಾಗದೆ ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ನಾಲ್ಕು ದೇಶಗಳು ಮೇಲ್ಮನವಿ ಹಾಕಿದವು. ಪ್ರಕ್ರಿಯೆಯೇ ಸರಿಯಿಲ್ಲವೆಂಬುದು ಅವುಗಳ ದೂರಿನ ತಿರುಳು. ಮನವಿ ವಿಚಾರಣೆಗೆ ಯೋಗ್ಯವಲ್ಲವೆಂದು ಐಎಸ್‌ಒ ಪ್ರಕಟಿಸಿದ್ದು 2008ರ ಆಗಸ್ಟ್ 15ರಂದು. ನಾವು ಧ್ವಜ ಹಾರಿಸಿ ಮಿಠಾಯಿ ಹಂಚುತ್ತಿದ್ದ ದಿನ. ನವೆಂಬರ್‌ನಲ್ಲಿ ಐಎಸ್‌ಒ/ಐಇಸಿ 29500 ಎಂಬ ಸಂಖ್ಯೆಯೊಡನೆ ಮಾನಕ ಹೊರಬಂದಿತು.

ನನ್ನ ಸೋದರಳಿಯನೊಬ್ಬ ತಂತ್ರಾಂಶ ಕ್ಷೇತ್ರದಲ್ಲಿಯೇ ಇರುವವನು. ಈ ವಿಷಯ ತೆಗೆದಾಗಲೆಲ್ಲ ಅವನದು ಒಂದೇ ವಾದ: "ಮಾವ, ನೀವು ಹೇಳುವುದೆಲ್ಲ ಸರಿ. ಆದರೆ ಜಗತ್ತೆಲ್ಲ ಡಾಕ್ಸ್ ಕಡತವನ್ನೇ ಬಳಸುತ್ತಿದೆ, ಲಿಬ್ರೆ ಆಫೀಸಿನಲ್ಲಿಯೂ ಅದು ತೆರೆಯುತ್ತದೆ. ಯಾರಿಗೆ ಏನು ನಷ್ಟವಾಯಿತು?" ಒಳ್ಳೆಯ ಪ್ರಶ್ನೆಯೇ. ಮೊದಲಿಗಿಂತ ಸ್ಥಿತಿ ಉತ್ತಮವಾಗಿದೆಯೆಂಬುದನ್ನು ನಾನೂ ಒಪ್ಪುತ್ತೇನೆ. ಡಾಕ್ಸ್ ಕಡತದ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆದು ನೋಡಿ; ಗಂಟು ಬಿಚ್ಚಿಕೊಂಡು ಒಳಗಿನ ಚಿಕ್ಕ ಚಿಕ್ಕ ಕಡತಗಳು ಕಾಣುತ್ತವೆ, ಅವುಗಳಲ್ಲೊಂದರಲ್ಲಿ ನೀವು ಬರೆದ ಮಾತುಗಳು ಓದುವಂತೆಯೇ ಇರುತ್ತವೆ. ಓಡಿಟಿ ಕಡತವೂ ಹೀಗೆಯೇ. ಹಳೆಯ ಡಾಕ್ ಕಡತದಲ್ಲಿ ಈ ಸುಖವಿರಲಿಲ್ಲ. ಮೈಕ್ರೋಸಾಫ್ಟ್ ಕೂಡ 2009ರ ಏಪ್ರಿಲ್‌ನಿಂದ ತನ್ನ ಆಫೀಸ್‌ನಲ್ಲಿ ಓಡಿಎಫ್ ತೆರೆಯುವ, ಉಳಿಸುವ ಅನುಕೂಲ ಕೊಟ್ಟಿತು.

ಆದರೆ ನಷ್ಟ ಎಲ್ಲಾಯಿತೆಂಬುದನ್ನು ಅವನಿಗೆ ಹೀಗೆ ವಿವರಿಸಿದೆ. ಆಕ್ಷೇಪಗಳ ಒತ್ತಡಕ್ಕೆ ಮಣಿದು ಐಎಸ್‌ಒ ಆ ಮಾನಕವನ್ನು ಎರಡು ರೂಪವಾಗಿ ಒಡೆಯಿತು. ಒಂದು ಕಟ್ಟುನಿಟ್ಟಿನ ರೂಪ, ಅದು ಸ್ವಚ್ಛ. ಇನ್ನೊಂದು ಸಂಕ್ರಮಣದ ರೂಪ. ಹಳೆಯ ಸೊಟ್ಟುಗಳನ್ನೆಲ್ಲ ಅದರೊಳಗೆ ತುಂಬಿದರು. ಹಳೆಯ ದಾಖಲೆಗಳನ್ನು ದಾಟಿಸಲು ಮಾತ್ರ ಎರಡನೆಯದು, ಹೊಸದನ್ನೆಲ್ಲ ಮೊದಲನೆಯದರಲ್ಲಿ ಬರೆಯತಕ್ಕದ್ದು ಎಂಬುದು ಆಗಿನ ತಿಳಿವಳಿಕೆ. ಆದದ್ದೇನು? ಆಫೀಸ್ 2010 ಕಟ್ಟುನಿಟ್ಟಿನ ರೂಪವನ್ನು ಓದಬಲ್ಲುದಾಗಿತ್ತು, ಬರೆಯಲಾರದಾಗಿತ್ತು. ಜಿನೀವಾ ಸಭೆಯನ್ನು ನಡೆಸಿಕೊಟ್ಟ, ಆ ಮಾನಕದ ಬಗ್ಗೆ ಒಲವೇ ಇದ್ದ ಅಲೆಕ್ಸ್ ಬ್ರೌನ್ ಅವರೇ 2010ರಲ್ಲಿ, ಮೈಕ್ರೋಸಾಫ್ಟ್ ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತೆಂಬ ಅರ್ಥದಲ್ಲಿ ಬರೆದರು. 2013ರ ಆವೃತ್ತಿಗೆ ಬರೆಯುವ ಶಕ್ತಿ ಬಂತು. ಆದರೆ ನೀವು ಬೇರೆ ಆಯ್ಕೆ ಮಾಡದೆ ಉಳಿಸಿದರೆ ಇಂದಿಗೂ ಹೊರಬೀಳುವುದು ಸಂಕ್ರಮಣದ ರೂಪವೇ. ಉತ್ತರಾಯಣ ಬಂದರೂ ಮುಗಿಯದ ಸಂಕ್ರಾಂತಿ ಇದು! ಮುದ್ರೆ ಪಡೆದದ್ದು ಒಂದು ರೂಪದ ಮರ್ಯಾದೆಯಿಂದ, ಮಾರಾಟವಾಗುತ್ತಿರುವುದು ಇನ್ನೊಂದು. ಲಿಬ್ರೆ ಆಫೀಸಿನವರು ಆ ಸೊಟ್ಟುಗಳನ್ನು ಒಂದೊಂದಾಗಿ ಊಹಿಸಿ, ಅನುಕರಿಸಿ ಡಾಕ್ಸ್ ಕಡತಗಳನ್ನು ತೆರೆಯುವಂತೆ ಮಾಡಿದ್ದಾರೆ. ಅದು ಅವರ ಶ್ರಮದ ಫಲವೇ ಹೊರತು ಮಾನಕದ ಫಲವಲ್ಲ. ಇಷ್ಟಾದ ಮೇಲೂ ಕೋಷ್ಟಕವಿರುವ ಒಂದು ಸರ್ಕಾರಿ ನಮೂನೆಯನ್ನು ಬೇರೆ ತಂತ್ರಾಂಶದಲ್ಲಿ ತೆರೆದಾಗ ಗೆರೆಗಳು ಸರಿದು ಸಹಿಯ ಜಾಗ ಮುಂದಿನ ಪುಟಕ್ಕೆ ಓಡುವುದನ್ನು ನೀವೂ ಕಂಡಿರುತ್ತೀರಿ.

ಅಳಿಯ ಇದಕ್ಕೆ ನಕ್ಕು, "ಹಾಗಾದರೆ ಪಿಡಿಎಫ್ ಕಳಿಸಿದರಾಯಿತು" ಎಂದ. ಓದುವುದಕ್ಕೆ ಮಾತ್ರವಾದರೆ ನಿಜ. ತಿದ್ದಬೇಕಾದ, ಬೆಳೆಯಬೇಕಾದ ಬರಹಕ್ಕೆ ಅದು ಸಾಲದು. ಬ್ರಿಟನ್ ಸರ್ಕಾರ 2014ರ ಜುಲೈಯಲ್ಲಿ ಈ ಭೇದವನ್ನು ಚೆನ್ನಾಗಿ ಗುರುತಿಸಿ, ಓದಲು ಪಿಡಿಎಫ್ ಅಥವಾ ಜಾಲಪುಟ, ಕೂಡಿ ತಿದ್ದಲು ಓಡಿಎಫ್ ಎಂದು ನಿಯಮ ಮಾಡಿತು. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಕಚೇರಿಗಳನ್ನೆಲ್ಲ ಲಿಬ್ರೆ ಆಫೀಸಿಗೆ ಒಯ್ಯುವುದಾಗಿ 2024ರಲ್ಲಿ ಘೋಷಿಸಿತು. ನಮ್ಮ ಕೇಂದ್ರ ಸರ್ಕಾರವೂ ಹಿಂದೆ ಬಿದ್ದಿರಲಿಲ್ಲ: 2010ರ ನವೆಂಬರ್‌ನಲ್ಲಿಯೇ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಹೊರಡಿಸಿತು, ಒಂದು ಉದ್ದೇಶಕ್ಕೆ ಸಾಧ್ಯವಾದಷ್ಟೂ ಒಂದೇ ಮಾನಕ, ಅದೂ ರಾಜಧನದ ಹಂಗಿಲ್ಲದ್ದು ಎಂಬುದು ಅದರ ಆಶಯ. ನೀತಿ ಕಾಗದದ ಮೇಲಿದೆ. ತಾಲ್ಲೂಕು ಕಚೇರಿಯಿಂದ ನನಗೆ ಬರುವ ಕಡತಗಳು ಡಾಕ್ಸ್ ಆಗಿಯೇ ಬರುತ್ತಿವೆ.

ಕನ್ನಡದವರಾದ ನಮಗೆ ಈ ಪಾಠ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ದೊರೆತಿದ್ದರೂ ಬಹುಕಾಲ ನಮ್ಮ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಬಳಕೆಯಲ್ಲಿದ್ದದ್ದು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಅಕ್ಷರವಿನ್ಯಾಸಗಳು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತ. ನಾನು ಸೇವೆಯಲ್ಲಿದ್ದಾಗ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಅಂಥದ್ದೊಂದು ತಂತ್ರಾಂಶದಿಂದ ಸಿದ್ಧಪಡಿಸಿದೆವು. ಅಂಗಡಿ ಮುಚ್ಚಿತು, ತಂತ್ರಾಂಶದ ಹೆಸರು ಹೇಳುವವರಿಲ್ಲ, ಅಕ್ಷರವಿನ್ಯಾಸ ಸಿಗುವುದಿಲ್ಲ. ಸಿ.ಡಿ. ನನ್ನ ಬೀರುವಿನಲ್ಲಿ ಭದ್ರವಾಗಿದೆ. ಕಡತ ತೆರೆದುಕೊಳ್ಳುತ್ತದೆ ಕೂಡ. ತೆರೆದರೆ ಕಾಣುವುದು ತಲೆಯ ಮೇಲೆ ಟೋಪಿ, ಕಾಲ ಕೆಳಗೆ ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಪರಿವರ್ತಕ ತಂತ್ರಾಂಶಗಳಿಗೆ ಕೊಟ್ಟು ನೋಡಿದೆ. ಒತ್ತಕ್ಷರಗಳು ಹೋದವು, ಅರ್ಕಾವತ್ತುಗಳೆಲ್ಲ ಸ್ಥಾನ ಬದಲಿಸಿದವು, ಅಂಕಿಗಳು ಎಲ್ಲೋ ಮಾಯವಾದವು. ಶಾಲೆ ಕಟ್ಟಲು ಜಮೀನು ಕೊಟ್ಟ ಹಿರಿಯರ ಮಾತುಗಳನ್ನು ಬರೆದುಕೊಂಡು ಬಂದು ಅದರಲ್ಲಿ ಹಾಕಿದ್ದೆವು. ಅವರಾರೂ ಈಗಿಲ್ಲ.

ಅಕ್ಷರದ ಮಟ್ಟದಲ್ಲಿ ನಮ್ಮನ್ನು ಉಳಿಸಿದ್ದು ಯೂನಿಕೋಡ್. ಅದು ಯಾವ ಒಂದು ಕಂಪೆನಿಯ ನಡವಳಿಕೆಯನ್ನೂ ನಿಯಮವೆಂದು ಬರೆಯಲಿಲ್ಲ. 'ಕ' ಎಂದರೆ ಯಾವ ಸಂಖ್ಯೆ ಎಂದು ಹೇಳಿತು, ಎಲ್ಲರೂ ಒಪ್ಪಿದರು. ಅಕ್ಷರಕ್ಕೆ ನಾವು ಒಪ್ಪಿದ ಈ ನ್ಯಾಯವನ್ನು ಅಕ್ಷರಗಳನ್ನು ಕಟ್ಟಿಡುವ ಕಡತಕ್ಕೂ ಕೇಳುವುದು ಅತಿಯಾಸೆಯೇ? ಕರ್ನಾಟಕ ಸರ್ಕಾರ ಶಾಲೆಗಳಿಗೆ, ಪಂಚಾಯಿತಿಗಳಿಗೆ ಕಳುಹಿಸುವ ತಿದ್ದಬಹುದಾದ ಕಡತಗಳೆಲ್ಲ ಓಡಿಎಫ್‌ನಲ್ಲಿಯೇ ಇರತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಲು ಹೆಚ್ಚಿನ ಹಣವೇನೂ ಬೇಡ. ಸಚಿವಾಲಯದಲ್ಲಿ ಅಧಿಕಾರಿಗಳಾಗಿರುವ ನನ್ನ ಶಿಷ್ಯರು ಇಬ್ಬರೋ ಮೂವರೋ ಇದ್ದೀರಿ. ನಿಮ್ಮನ್ನು ಉದ್ದೇಶಿಸಿಯೇ ಈ ಮಾತು ಬರೆದದ್ದು. ಕಂಪೆನಿಗಳಲ್ಲಿರುವವರಿಗೂ ಒಂದು ಮಾತು: ಮಾನಕಗಳ ಸಮಿತಿಗಳು ಈಗಲೂ ಸೇರುತ್ತವೆ, ಯಾರೂ ಕಾಣದ ಕೊಠಡಿಗಳಲ್ಲಿ. ನಿಮ್ಮ ಸಂಸ್ಥೆಯ ಪರವಾಗಿ ಅಲ್ಲಿ ಯಾರು ಕೂರುತ್ತಾರೆ, ಏನು ಓದಿ ಕೂರುತ್ತಾರೆ ಎಂದು ಒಮ್ಮೆ ವಿಚಾರಿಸಿ.

ಸ್ಮರಣ ಸಂಚಿಕೆಯನ್ನು ಮೊದಲಿನಿಂದ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡತೊಡಗಿದ್ದೇನೆ, ಓಡಿಟಿ ಕಡತವಾಗಿ. ನನ್ನಲ್ಲಿರುವ ಮುದ್ರಿತ ಪ್ರತಿಯಲ್ಲಿ 33ರಿಂದ 48ರವರೆಗಿನ ಪುಟಗಳು ಗೆದ್ದಲಿಗೆ ಹೋಗಿವೆ. ಯಾರ ಮನೆಯ ಅಟ್ಟದಲ್ಲಾದರೂ ಇನ್ನೊಂದು ಪ್ರತಿ ಇದ್ದರೆ ಆ ಹದಿನಾರು ಪುಟಗಳ ಚಿತ್ರ ತೆಗೆದು ಕಳುಹಿಸಿಕೊಡಿ.